ಲ್ಯಾವೆಂಡರ್ ಎಣ್ಣೆ ಹೊಟ್ಟೆಗೆ ಹಚ್ಚಬಹುದೇ?

ಪ್ರಶ್ನೆ: ನನಗೆ 34 ವರ್ಷ. ಇದು ಎರಡನೇ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ). ಚುಚ್ಚುಮದ್ದು ಶುರುವಾಗಿ ಐದು ದಿನವಾಯಿತು. ಸೂಜಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಹೋದ ಸಲ ಅಂಡಾಣು ತೆಗೆಯುವ ದಿನ ಹೆದರಿಕೆಗೆ ಮೈಯೆಲ್ಲ ನಡುಗಿತ್ತು. ಗೆಳತಿ ಲ್ಯಾವೆಂಡರ್ ಎಣ್ಣೆ ತಂದುಕೊಟ್ಟಿದ್ದಾಳೆ. ದಿನಾ ಹೊಟ್ಟೆಗೆ ಹಚ್ಚಿ ತಿಕ್ಕಿದರೆ ನೋವೂ ಹೋಗುತ್ತದೆ, ಗರ್ಭವೂ ನಿಲ್ಲುತ್ತದೆ ಅನ್ನುತ್ತಾಳೆ. ಹಚ್ಚಲೇ?

ಉತ್ತರ: ಹೊಟ್ಟೆಗೆ ಮಾತ್ರ ಬೇಡ. ಈಗ ನಿಮ್ಮ ಅಂಡಾಶಯಗಳಲ್ಲಿ ಒಂದರ ಬದಲು ಹಲವು ಕೋಶಕಗಳು, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲಗಳು, ಒಟ್ಟಿಗೆ ಬೆಳೆಯುತ್ತಿವೆ. ಹೀಗೆ ಊದಿ ಭಾರವಾದ ಅಂಡಾಶಯ ತಿರುಚಿಕೊಳ್ಳುವ ಅಪಾಯ ಈ ದಿನಗಳಲ್ಲಿ ಹೆಚ್ಚು. ಅಲ್ಲಿ ಒತ್ತಿ ತಿಕ್ಕುವ ಕೆಲಸವೇ ಬೇಡ. ತಿಕ್ಕಲೇಬೇಕೆನಿಸಿದರೆ ಅಂಗೈ, ಅಂಗಾಲು ಸಾಕು. ಅದೂ 30 ಮಿಲಿ ಸಾದಾ ಎಣ್ಣೆಗೆ ಆರು ಹನಿ ಬೆರೆಸಿ. ನೇರವಾಗಿ ಹಚ್ಚಬೇಡಿ, ಕುಡಿಯಲೂ ಬೇಡಿ.

ಗರ್ಭ ನಿಲ್ಲುವ ಮಾತಿಗೆ ಬಂದರೆ, ಭ್ರೂಣವನ್ನು ಗರ್ಭಕೋಶದಲ್ಲಿ ನೆಲೆಗೊಳಿಸುವ ಪರಿಮಳ ಯಾವುದೂ ಇಲ್ಲ. ಅದನ್ನು ನಂಬಿದರೆ, ಫಲಿತಾಂಶ ಕೈಕೊಟ್ಟ ದಿನ 'ನಾನೇ ಸರಿಯಾಗಿ ಹಚ್ಚಲಿಲ್ಲ' ಎಂದು ನಿಮ್ಮನ್ನೇ ಹಳಿದುಕೊಳ್ಳುತ್ತೀರಿ. ಆ ಹೊರೆ ನಿಮಗೆ ಖಂಡಿತ ಬೇಡ.

ಆದರೆ ಹೆದರಿಕೆಗೆ? ಅಲ್ಲಿ ಪರಿಮಳದಿಂದ ಸ್ವಲ್ಪ ನೆರವುಂಟು. ನಾನು ನರ್ಸ್ ಆಗಿ ವರ್ಷಗಟ್ಟಲೆ ಈ ಸೂಜಿಗಳನ್ನು ಚುಚ್ಚಿದವಳು, ಆಮೇಲೆ ನನ್ನದೇ ಚಿಕಿತ್ಸೆಯಲ್ಲಿ ಚುಚ್ಚಿಸಿಕೊಂಡವಳು. ಮೊದಲ ಸಲ ಭಯ ನೆತ್ತಿಗೇರಿದ ಮೇಲೆ ಲ್ಯಾವೆಂಡರ್ ಮೂಸಿದೆ. ಆಮೇಲೆ ತಿಂಗಳುಗಟ್ಟಲೆ ಆ ವಾಸನೆ ಬಂದರೆ ಸಾಕು, ಸ್ಪಿರಿಟ್ ಹತ್ತಿ ನೆನಪಾಗಿ ಹೊಟ್ಟೆ ಹಿಂಡುತ್ತಿತ್ತು. ಮೆದುಳಿನಲ್ಲಿ ವಾಸನೆಗೂ ಭಯಕ್ಕೂ ನೆನಪಿಗೂ ಅಷ್ಟು ಹತ್ತಿರದ ನಂಟು. ಎರಡನೇ ಸಲ ಕಿತ್ತಳೆ ಸಿಪ್ಪೆಯ ಎಣ್ಣೆ ಆರಿಸಿಕೊಂಡು, ಚಿಕಿತ್ಸೆಗೆ ಮೊದಲೇ, ಮನಸ್ಸು ತಿಳಿಯಾಗಿದ್ದ ರಾತ್ರಿಗಳಲ್ಲಿ ಅಭ್ಯಾಸ ಮಾಡಿದೆ: ಹತ್ತಿಗೆ ಎರಡು ಹನಿ, ಐದು ನಿಮಿಷ ನಿಧಾನದ ಉಸಿರು. ಸೂಜಿಯ ಹೊತ್ತಿಗೆ ಅದೇ ಹತ್ತಿ ಪಕ್ಕದಲ್ಲಿತ್ತು. ಸೂಜಿ ಚುಚ್ಚಿತು, ಆದರೆ ಕೈ ನಡುಗಲಿಲ್ಲ. ನಿಮಗೆ ದಿನ ಕಡಿಮೆಯಿದೆ, ಆದರೂ ಇವತ್ತು ರಾತ್ರಿಯಿಂದಲೇ ಮಲಗುವಾಗ ಶುರುಮಾಡಿ. ಆಸ್ತಮಾ ಅಥವಾ ಮೈಗ್ರೇನ್ ಇದ್ದರೆ ಬೇಡ.

ನೋವಿನ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಮುಂದೆ ಪೃಷ್ಠಕ್ಕೆ ಪ್ರೊಜೆಸ್ಟರಾನ್ (ಗರ್ಭಕ್ಕೆ ಆಸರೆಯಾಗುವ ಹಾರ್ಮೋನು) ಚುಚ್ಚುಮದ್ದು ಕೊಟ್ಟರೆ, ಆ ಕಡೆಯ ಕಾಲಿನ ಮೇಲೆ ಭಾರ ಹಾಕದೆ ಸ್ನಾಯು ಸಡಿಲ ಬಿಡಿ, ಆಮೇಲೆ ಹದವಾದ ಬಿಸಿ ಬಟ್ಟೆ ಇಡಿ. ಪರಿಮಳಕ್ಕಿಂತ ಇದೇ ಮೇಲು. ಚುಚ್ಚಿದ ಜಾಗಕ್ಕೆ ಪರಿಮಳದ ಎಣ್ಣೆ ಸೋಕಿಸಬೇಡಿ. ಹೊಟ್ಟೆ ಬೇಗಬೇಗ ಉಬ್ಬಿದರೆ, ಉಸಿರು ಕಟ್ಟಿದರೆ, ತಡೆಯಲಾಗದ ನೋವು ಬಂದರೆ ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಅಂಡಾಣು ತೆಗೆಯುವ ದಿನ ಮತ್ತು ಭ್ರೂಣ ಇಡುವ ದಿನ ಮೈಮೇಲೆ ಯಾವ ಪರಿಮಳವೂ ಇರಬಾರದು. ಸೆಂಟು, ಡಿಯೋಡರೆಂಟ್, ಈ ಎಣ್ಣೆ, ಒಂದೂ. ಗಾಳಿಗೆ ಸೇರುವ ಇಂಥ ಆವಿ ಭ್ರೂಣಗಳಿಗೆ ಒಳ್ಳೆಯದಲ್ಲ. ಅದಕ್ಕೇ ಲ್ಯಾಬಿನ ಗಾಳಿಯನ್ನು ಸೋಸುತ್ತಾರೆ. ಹಿಂದಿನ ರಾತ್ರಿ ಮೂಸಿ, ಬೆಳಗ್ಗೆ ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ ಮಾಡಿ ಹೋಗಿ. ಅಲ್ಲಿ ಅಭ್ಯಾಸದ ಆ ಉಸಿರಷ್ಟೇ ನಿಮ್ಮ ಜೊತೆಗಿರಲಿ.

ಇನ್ನೊಂದು: ಹಾರ್ಮೋನುಗಳಿಂದ, ನಿನ್ನೆ ಹಿತವಾಗಿದ್ದ ವಾಸನೆಗೆ ಇಂದು ಹೊಟ್ಟೆ ತೊಳಸಬಹುದು. ಆಗ ಹತ್ತಿಯನ್ನು ಎಸೆದು ಕಿಟಕಿ ತೆರೆಯಿರಿ.