ಗೋಪುರದ ಬುಡದಲ್ಲಿ ನಡೆಯುವವರು

ಪ್ರಶ್ನೆ: ನಗರದ ಕೇಂದ್ರಭಾಗದಲ್ಲಿ ಬಹುಮಹಡಿ ಕಟ್ಟಡಗಳು ಹೆಚ್ಚಿದಂತೆ ಬೀದಿಯಲ್ಲಿ ನಡೆಯುವುದೇ ಬೇಸರವಾಗುತ್ತಿದೆ. ಎತ್ತರವೇ ಇದಕ್ಕೆ ಕಾರಣವೇ?

ಉತ್ತರ: ಎತ್ತರಕ್ಕಿಂತ ಹೆಚ್ಚಾಗಿ, ಕಟ್ಟಡವು ನೆಲವನ್ನು ಮುಟ್ಟುವ ಬಗೆಯೇ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ನಡೆದುಹೋಗುವವರ ಕಣ್ಣಿಗೆ ಮುಖ್ಯವಾಗಿ ಬೀಳುವುದು ಕೆಳಗಿನ ಎರಡು ಮೂರು ಅಂತಸ್ತುಗಳು. ಅಲ್ಲಿ ಬಾಗಿಲು, ಕಿಟಕಿ, ಅಂಗಡಿಗಳ ಬದಲು ವಾಹನ ನಿಲುಗಡೆಯ ಕುರುಡು ಗೋಡೆ ಉದ್ದಕ್ಕೂ ಚಾಚಿಕೊಂಡಿದ್ದರೆ, ಮೇಲೆ ಎಷ್ಟೇ ಅಂದವಿದ್ದರೂ ಬೀದಿ ನಿರ್ಜೀವವಾಗುತ್ತದೆ. ಗಾಳಿಯೂ ಕಾಡುತ್ತದೆ: ಎತ್ತರದಲ್ಲಿ ವೇಗವಾಗಿ ಬೀಸುವ ಗಾಳಿ ಗೋಪುರದ ನೇರ ಮುಖಕ್ಕೆ ಬಡಿದು, ಕೆಳಗಿಳಿದು, ಮೂಲೆಗಳಲ್ಲಿ ರಭಸದಿಂದ ನುಗ್ಗುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಬೀದಿಯಂಚಿಗೆ ಪೀಠಭಾಗವನ್ನು, ಅಂದರೆ ಕೆಲವೇ ಅಂತಸ್ತುಗಳ ಅಗಲವಾದ ಬುಡವನ್ನು ಕಟ್ಟಿ, ತೆಳ್ಳನೆಯ ಗೋಪುರವನ್ನು ಹಿಂದಕ್ಕೆ ಸರಿಸಿ ನಿಲ್ಲಿಸುವ ಪದ್ಧತಿ ಬೆಳೆದಿದೆ. ಇಂಥ ಪೀಠವು ಇಳಿದುಬರುವ ಗಾಳಿಯನ್ನು ತಡೆಯುತ್ತದೆ, ಅದರ ಮುಂಭಾಗವು ಅಂಗಡಿಗಳಿಗೂ ಮನೆಬಾಗಿಲುಗಳಿಗೂ ಒದಗುತ್ತದೆ.

ಬರಿಯ ಬಯಲು ಬಿಟ್ಟರೆ ಸಾಲದು. ಕಟ್ಟಡದ ಮುಂದೆ ಸಾರ್ವಜನಿಕ ಚೌಕವನ್ನು ಬಿಟ್ಟುಕೊಟ್ಟವರಿಗೆ ನ್ಯೂಯಾರ್ಕ್ ನಗರವು 1961ರಲ್ಲಿ ಹೆಚ್ಚುವರಿ ನಿರ್ಮಾಣದ ಅವಕಾಶ ನೀಡಿತು. ಆದರೆ ಕೂರಲು ಜಾಗವಿಲ್ಲದ ಎಷ್ಟೋ ಚೌಕಗಳು ಖಾಲಿ ಬಿದ್ದದ್ದರಿಂದ, 1975ರಲ್ಲಿ ಆಸನಗಳನ್ನೂ ಮರಗಳನ್ನೂ ಕಡ್ಡಾಯಗೊಳಿಸಬೇಕಾಯಿತು. ಆದ್ದರಿಂದ ಹೊಸ ಯೋಜನೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ, ದಯವಿಟ್ಟು ಮೊದಲು ನೆಲಮಹಡಿಯ ನಕ್ಷೆಯನ್ನು ತೋರಿಸುವಂತೆ ಒತ್ತಾಯಿಸಿ.