ಮಿತಿ ಮೀರಿದ ತಂಡ ಹೊಸ ಆಟಗಾರನನ್ನು ಹೇಗೆ ತರುತ್ತದೆ?

ಪ್ರಶ್ನೆ: ಮೂರು ವರ್ಷದಿಂದ ಅಮೆರಿಕದ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನೋಡುತ್ತಿದ್ದೇನೆ. ಫೆಬ್ರುವರಿಯಲ್ಲಿ ನಮ್ಮ ತಂಡ ಸಂಬಳದ ಮಿತಿಗಿಂತ 2 ಕೋಟಿ ಡಾಲರ್ ಮೇಲಿದೆ ಅನ್ನುತ್ತಾರೆ. ಮಾರ್ಚ್‌ನಲ್ಲಿ ನೋಡಿದರೆ ದೊಡ್ಡ ಆಟಗಾರನನ್ನೇ ತಂದಿರುತ್ತಾರೆ. ಐಪಿಎಲ್ ಹರಾಜಿನಲ್ಲಿ ಪರ್ಸ್ ಖಾಲಿಯಾದರೆ ಕೈಕಟ್ಟಿ ಕೂರಬೇಕು. ಇಲ್ಲಿ ಜಾಗ ಎಲ್ಲಿಂದ ಬರುತ್ತದೆ? (ಓದುಗರೊಬ್ಬರು, ಡಲ್ಲಾಸ್)

ಉತ್ತರ: ಐಪಿಎಲ್‌ನಲ್ಲಿ ಈ ವರ್ಷದ ಬೆಲೆ ಈ ವರ್ಷದ ಪರ್ಸ್‌ನಿಂದಲೇ ಹೋಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಹಣ ಕೊಡುವ ದಿನ ಬೇರೆ, ಅದು ಕ್ಯಾಪ್ (ತಂಡದ ಸಂಬಳದ ಮಿತಿ) ಲೆಕ್ಕಕ್ಕೆ ಬರುವ ವರ್ಷ ಬೇರೆ. ಆಟಗಾರನ ವರ್ಷದ ಬೇಸ್ (ಮೂಲ) ಸಂಬಳ ಪೂರ್ತಿಯಾಗಿ ಆ ವರ್ಷದ ಲೆಕ್ಕಕ್ಕೇ ಬೀಳುತ್ತದೆ. ಸೈನಿಂಗ್ ಬೋನಸ್, ಅಂದರೆ ಸಹಿ ಹಾಕಿದ್ದಕ್ಕೆ ಕೊಡುವ ಇಡುಗಂಟು, ಹಾಗಲ್ಲ. ಹಣ ಆಟಗಾರನ ಕೈಸೇರಿದ್ದರೂ ಅದನ್ನು ಒಪ್ಪಂದದ ಅವಧಿಗೆ, ಹೆಚ್ಚೆಂದರೆ 5 ವರ್ಷಕ್ಕೆ, ಸಮನಾಗಿ ಹಂಚಿ ಬರೆಯುತ್ತಾರೆ. 'ರೀಸ್ಟ್ರಕ್ಚರ್' ಅಂದರೆ ಬೇಸ್ ಸಂಬಳವನ್ನು ಬೋನಸ್ ಮಾಡಿ ಹಂಚುವುದು, ಅಷ್ಟೇ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಬ್ಬ ಡಿಫೆನ್ಸಿವ್ ಎಂಡ್ ಆಟಗಾರನ ಒಪ್ಪಂದ 2024ರಿಂದ 2028ರವರೆಗೆ. ಮೊದಲ ವರ್ಷ ಕೊಟ್ಟ 2.5 ಕೋಟಿ ಡಾಲರ್ ಬೋನಸ್ ವರ್ಷಕ್ಕೆ 50 ಲಕ್ಷದಂತೆ ಹಂಚಿಹೋಗಿದೆ. 2025ರ ಬೇಸ್ 1.8 ಕೋಟಿ. ಹಾಗಾದರೆ ಆ ವರ್ಷದ ಕ್ಯಾಪ್ ಹೊರೆ 2.3 ಕೋಟಿ. ಈಗ ಬೇಸ್‌ನಲ್ಲಿ 20 ಲಕ್ಷ ಉಳಿಸಿ 1.6 ಕೋಟಿಯನ್ನು ಬೋನಸ್ ಮಾಡಿ. ಉಳಿದ 4 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40 ಲಕ್ಷ. 2025ರ ಹೊರೆ 20+50+40, ಅಂದರೆ 1.1 ಕೋಟಿಗೆ ಇಳಿಯಿತು. ಒಂದೇ ಸಹಿಯಲ್ಲಿ 1.2 ಕೋಟಿ ಜಾಗ ಸಿಕ್ಕಿತು. ಆಟಗಾರ ಬೇಡ ಅನ್ನುವುದು ಅಪರೂಪ. ವಾರವಾರ ಬರಬೇಕಿದ್ದ ಹಣ ಮುಂಗಡವಾಗಿ ಬರುತ್ತದಲ್ಲ.

ಬೇಸ್ ಅನ್ನು ಪೂರ್ತಿ ಸೊನ್ನೆಗೆ ಇಳಿಸಲಾಗದು, ಅನುಭವಕ್ಕೆ ತಕ್ಕ ಕನಿಷ್ಠ ಸಂಬಳ ಇರಲೇಬೇಕು. 2025ರಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ವರ್ಷ ಆಡಿದವರಿಗೆ ಅದು 12.55 ಲಕ್ಷ ಡಾಲರ್.

ಎಡವುವುದು ಮುಂದಿನ ಮಾರ್ಚ್‌ನಲ್ಲಿ. ಅದೇ ಆಟಗಾರನ ಆಟ ಕುಸಿಯಿತು, 2026ರ ಬೇಸ್ 2 ಕೋಟಿ, ಕೈಬಿಡೋಣ ಅಂತೀರಿ. ಬಿಟ್ಟ ಕ್ಷಣವೇ ಹಂಚಿಟ್ಟಿದ್ದ ಬೋನಸ್‌ನ ಬಾಕಿ ಕಂತುಗಳೆಲ್ಲ ಒಟ್ಟಿಗೆ ಆ ವರ್ಷದ ಲೆಕ್ಕಕ್ಕೆ ಬೀಳುತ್ತವೆ. ಇದೇ 'ಡೆಡ್ ಮನಿ'. ಹಳೆಯದರ 3 ಕಂತು 1.5 ಕೋಟಿ, ಹೊಸದರ 3 ಕಂತು 1.2 ಕೋಟಿ, ಒಟ್ಟು 2.7 ಕೋಟಿ. ಇಟ್ಟುಕೊಂಡರೆ ಹೊರೆ 2.9 ಕೋಟಿ. ಕೈಬಿಟ್ಟು ಉಳಿಸಿದ್ದು ಬರೀ 20 ಲಕ್ಷ! ರೀಸ್ಟ್ರಕ್ಚರ್ ಮಾಡದೇ ಇದ್ದಿದ್ದರೆ 1 ಕೋಟಿ ಉಳಿಯುತ್ತಿತ್ತು. ಅದಕ್ಕೇ ಇನ್ನೂ ಎರಡು-ಮೂರು ವರ್ಷ ಖಂಡಿತ ಆಡಿಸುತ್ತೇವೆ ಅನ್ನುವ ಆಟಗಾರನ ಒಪ್ಪಂದವನ್ನು ಮಾತ್ರ ಮುಟ್ಟಬೇಕು. 26ರ ಹರೆಯದ ಲೆಫ್ಟ್ ಟ್ಯಾಕಲ್ (ಎದುರಾಳಿಗಳನ್ನು ತಡೆಯುವವನು) ಆದರೆ ಸರಿ. 31 ದಾಟಿದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಆದರೆ ಎಷ್ಟೇ ಜಾಗ ಸಿಕ್ಕರೂ ಬೇಡ.

ವಾಯ್ಡ್ ಇಯರ್ಸ್ ಎಂದು ಕೇಳಿರಬಹುದು. ಆಟಗಾರ ಆಡುವುದೇ ಇಲ್ಲದ ವರ್ಷಗಳನ್ನು ಒಪ್ಪಂದದ ಬಾಲಕ್ಕೆ ಕಟ್ಟಿ ಕಂತು ಸಣ್ಣದಾಗಿಸುವುದು. ಮೇಲಿನ ಲೆಕ್ಕಕ್ಕೆ ಅಂಥ ಒಂದು ವರ್ಷ ಸೇರಿಸಿದರೆ ಕಂತು 40ರಿಂದ 32 ಲಕ್ಷಕ್ಕೆ ಇಳಿಯುತ್ತದೆ. ಆದರೆ ಆತ ಹೋದ ಮೇಲೂ 2029ರಲ್ಲಿ ಆ 32 ಲಕ್ಷ ಲೆಕ್ಕಕ್ಕೆ ಬಿದ್ದೇ ಬೀಳುತ್ತದೆ.

ಪ್ರಶ್ನೆ: ಡೆನ್ವರ್ ತಂಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ರಸೆಲ್ ವಿಲ್ಸನ್ ಅವರನ್ನು ಬಿಟ್ಟಾಗ ಹೊರೆಯನ್ನು ಎರಡು ವರ್ಷಕ್ಕೆ ಹಂಚಿತಲ್ಲ? ಒಟ್ಟಿಗೆ ಬೀಳುತ್ತದೆ ಅನ್ನುತ್ತಾರೆ, ಹಾಗಾದರೆ ಅದು ಹೇಗೆ?

ಉತ್ತರ: ಜೂನ್ 1ರ ನಿಯಮದಿಂದ. ಆ ದಿನದ ನಂತರ ಬಿಟ್ಟ ಆಟಗಾರನ ಆ ವರ್ಷದ ಕಂತು ಮಾತ್ರ ಆ ವರ್ಷಕ್ಕೆ, ಉಳಿದದ್ದು ಮುಂದಿನ ವರ್ಷಕ್ಕೆ. ಮಾರ್ಚ್‌ನಲ್ಲೇ ಬಿಟ್ಟರೂ ವರ್ಷಕ್ಕೆ ಇಬ್ಬರನ್ನು 'ಜೂನ್ 1ರ ನಂತರ' ಎಂದು ಗುರುತಿಸಬಹುದು. 2024ರಲ್ಲಿ ಡೆನ್ವರ್ ಇದನ್ನೇ ಮಾಡಿತು. ಸುಮಾರು 8.5 ಕೋಟಿ ಡಾಲರ್ ಡೆಡ್ ಮನಿಯಲ್ಲಿ 5.3 ಕೋಟಿ 2024ಕ್ಕೆ, 3.2 ಕೋಟಿ 2025ಕ್ಕೆ ಹೋಯಿತು. ಆ ಮೊತ್ತ ಅಷ್ಟು ಬೆಳೆದದ್ದು ಬೋನಸ್‌ನಿಂದ ಮಾತ್ರವಲ್ಲ. 2024ರ ಸಂಬಳ 3.9 ಕೋಟಿಯೂ ಖಾತರಿ ಹಣವೇ, ಬಿಟ್ಟರೂ ಕೊಡಲೇಬೇಕಿತ್ತು. ಅವರ ಹೊಸ ತಂಡ ಪಿಟ್ಸ್‌ಬರ್ಗ್ ಕೊಟ್ಟ 12.1 ಲಕ್ಷ ಮಾತ್ರ ಅದರಲ್ಲಿ ಕಳೆಯಿತು.

ಈ ದಾರಿಯಲ್ಲಿ ಹಲವರು ಮರೆಯುವ ಸಂಗತಿ ಒಂದಿದೆ. ಗುರುತಿಸಿದ ಆಟಗಾರನ ಪೂರ್ತಿ ಹೊರೆ ಜೂನ್ ಬರುವ ತನಕ ಪುಸ್ತಕದಲ್ಲೇ ಇರುತ್ತದೆ. ಮಾರ್ಚ್‌ನ ಖರೀದಿಗೆ ಆ ಜಾಗ ಸಿಗುವುದಿಲ್ಲ. ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರ ಆಯ್ಕೆಯಲ್ಲಿ) ಆರಿಸಿದ ಹುಡುಗರ ಸಹಿಗೆ, ಸೀಸನ್ ನಡುವಿನ ಖರ್ಚಿಗೆ ಬಳಸಬಹುದು.

ಪ್ರಶ್ನೆ: ಬೇಸಿಗೆಯಲ್ಲಿ 90 ಆಟಗಾರರಿರುತ್ತಾರೆ. ಎಲ್ಲರದ್ದೂ ಕೂಡಿದರೆ ಮಿತಿ ದಾಟುವುದಿಲ್ಲವೇ?

ಉತ್ತರ: ಸೀಸನ್ ಆರಂಭವಾಗುವವರೆಗೆ ಹೊರೆ ಹೆಚ್ಚಿರುವ 51 ಜನರದ್ದನ್ನಷ್ಟೇ ಪೂರ್ತಿ ಎಣಿಸುತ್ತಾರೆ, ಜೊತೆಗೆ ಡೆಡ್ ಮನಿ ಮತ್ತು ಉಳಿದವರ ಬೋನಸ್ ಕಂತು. 30 ಲಕ್ಷದ ಆಟಗಾರನನ್ನು ತಂದರೆ 51ನೆಯವನು ಪಟ್ಟಿಯಿಂದ ಜಾರುತ್ತಾನೆ. ಅವನದು 9.6 ಲಕ್ಷವಿದ್ದರೆ ನಿಜವಾಗಿ ಬೇಕಾದ ಜಾಗ 20.4 ಲಕ್ಷ ಮಾತ್ರ.

ಸೆಪ್ಟೆಂಬರ್‌ನಲ್ಲಿ ಈ ರಿಯಾಯಿತಿ ನಿಲ್ಲುತ್ತದೆ. ಆಗ ಮುಖ್ಯ ತಂಡದ 53 ಜನ, ಗಾಯಾಳುಗಳ ಪಟ್ಟಿಯವರು, 16 ಜನರ ಪ್ರಾಕ್ಟೀಸ್ ಸ್ಕ್ವಾಡ್ (ಅಭ್ಯಾಸಕ್ಕಿಟ್ಟ ಹೆಚ್ಚುವರಿ ಆಟಗಾರರು), ಎಲ್ಲರೂ ಲೆಕ್ಕಕ್ಕೆ. ಪ್ರಾಕ್ಟೀಸ್ ಸ್ಕ್ವಾಡ್‌ಗೆ 2025ರ ಕನಿಷ್ಠ ದರದಲ್ಲಿ, ವಾರಕ್ಕೆ 13,000 ಡಾಲರ್‌ನಂತೆ, 18 ವಾರಕ್ಕೆ 37 ಲಕ್ಷ ಮೀರುತ್ತದೆ. ಗಾಯಗೊಂಡವನ ಸಂಬಳ ನಿಲ್ಲುವುದಿಲ್ಲ, ಬದಲಿಯವನದ್ದು ಅದರ ಮೇಲೆ ಸೇರುತ್ತದೆ. ಆದ್ದರಿಂದ ಆಗಸ್ಟ್ ಕೊನೆಗೆ 80 ಲಕ್ಷದಿಂದ 1 ಕೋಟಿ ಡಾಲರ್ ಜಾಗ ಬಿಟ್ಟುಕೊಂಡಿರಿ ಅನ್ನುತ್ತೇವೆ. ಉಳಿದರೆ ವ್ಯರ್ಥವಾಗುವುದಿಲ್ಲ, ತಂಡ ಬಯಸಿದರೆ ಅದನ್ನು ಮುಂದಿನ ವರ್ಷದ ಮಿತಿಗೆ ಸೇರಿಸಿಕೊಳ್ಳಬಹುದು.