ರದ್ದಾದ ಪರೀಕ್ಷೆಯೂ ಒಂದು ಪ್ರಯತ್ನವೇ

(ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಬಸವರಾಜ ಅಂತ ಕರೆಯೋಣ. ವಯಸ್ಸು 32, ಎಂ.ಎ., ಬಿ.ಇಡಿ. ಗದಗ ಕಡೆಯ ಹಳ್ಳಿ, ಧಾರವಾಡದ ಸಪ್ತಾಪುರದಲ್ಲಿ ರೂಮು. ಆ ಭಾಗ ನೋಡಿದವರಿಗೆ ಗೊತ್ತು: ಕೋಚಿಂಗ್ ಸೆಂಟರು, ತಿಂಗಳ ಬಾಡಿಗೆಗೆ ಕುರ್ಚಿ ಸಿಗುವ ರೀಡಿಂಗ್ ರೂಮು, ಖಾನಾವಳಿ, ಝೆರಾಕ್ಸ್ ಅಂಗಡಿ. ಈಗಷ್ಟೇ ಡಿಗ್ರಿ ಮುಗಿಸಿದವರಿಂದ ಹಿಡಿದು ತಲೆ ನೆರೆಯುತ್ತಿರುವವರ ತನಕ ಎಲ್ಲರೂ ಅಲ್ಲಿ ‘ಓದೋ ಹುಡುಗರು’.

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಕೂಡಲೇ ಹೇಳಿದ್ದು ಇಷ್ಟು: “ಸರ್, ಮೊದಲಿನ ಹಾಂಗ ಓದಾಕ ಆಗವಲ್ದು. ಮೋಟಿವೇಶನ್ ಬರೋ ಹಾಂಗ ಏನರ ಹೇಳ್ರಿ.”

ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದಲೂ ನನಗೆ ಈ ಬೇಡಿಕೆಯ ಮೇಲೆ ಸ್ವಲ್ಪ ಅನುಮಾನ. ಓದಲಾಗದವನಿಗೆ ಹುರುಪು ಕಡಿಮೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅವನ ಮನಸ್ಸು ಲೆಕ್ಕ ಹಾಕಿ ಮುಗಿಸಿರುತ್ತದೆ, ಬಾಯಿ ಮಾತ್ರ ಇನ್ನೂ ಒಪ್ಪಿರುವುದಿಲ್ಲ.

ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯಬೇಕು ಅನ್ನಿಸುತ್ತದೆಯೇ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ಸುಮ್ನೆ ಭಯ. ಅಂಥದ್ದೇನೂ ಇರಲಿಲ್ಲ, ಇದ್ದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಆದರೂ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ಬರೆದುಕೊಟ್ಟೆ.

ಆಮೇಲೆ ಹಿಂದಿನ ಕಥೆ ಬಂತು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಿದ್ದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಗಂಟುಮೂಟೆ ಕಟ್ಟಿ ಊರಿಗೆ ಹೊರಟಿದ್ದಾಗಲೇ ಅಕ್ರಮ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. “ನಾ ಸೋತಿರಲಿಲ್ರಿ, ಮೋಸ ಆಗಿತ್ತು.” ಗಂಟು ಬಿಚ್ಚಿ ಮತ್ತೆ ಕೂತರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಲ್ಲೂ ಆಗಲಿಲ್ಲ. ಅದೇ ಆಗಸ್ಟ್‌ನಲ್ಲಿ 384 ಹುದ್ದೆಗಳಿಗೆ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಎಡವಟ್ಟಾಗಿ, ಡಿಸೆಂಬರ್ 29ಕ್ಕೆ ಅದನ್ನೂ ಮತ್ತೆ ನಡೆಸಿದರು. ಸ್ವಲ್ಪದರಲ್ಲಿ ತಪ್ಪಿತು.

ಇಂಥವರಿಗೆ ಭ್ರಮೆ ಅಂದುಬಿಡುವುದು ಸುಲಭ. ಆದರೆ ಅಕ್ರಮ ನಿಜ, ಅನುವಾದದ ತಪ್ಪೂ ನಿಜ. ಕಷ್ಟ ಇರುವುದೇ ಅಲ್ಲಿ. ಪ್ರತಿ ಸೋಲಿಗೂ ಹೊರಗಿನದೊಂದು ಸರಿಯಾದ ಕಾರಣ ಸಿಕ್ಕಿಬಿಟ್ಟಿದೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್‌ನ ಪಾರಿವಾಳಗಳ ಪ್ರಯೋಗ ಬಿ.ಇಡಿ ಓದಿದ ಎಲ್ಲರಿಗೂ ಗೊತ್ತು. ಕುಕ್ಕಿದಾಗಲೆಲ್ಲ ಕಾಳು ಸಿಕ್ಕ ಹಕ್ಕಿ, ಕಾಳು ನಿಂತರೆ ಬೇಗ ಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಹಕ್ಕಿ ಬಹಳ ಹೊತ್ತು ಬಿಡುವುದಿಲ್ಲ. ಬಸವರಾಜರಿಗೆ ಸಿಗುತ್ತಿದ್ದ ಕಾಳು ನೌಕರಿಯಲ್ಲ. ‘ಎರಡೇ ಮಾರ್ಕ್‌ನಲ್ಲಿ ಹೋಯ್ತು’, ‘ಮತ್ತೆ ಪರೀಕ್ಷೆ ಇದೆ’ ಎಂಬ ಸುದ್ದಿ.

ಇನ್ನೊಂದು ಗಂಟು ಅಪ್ಪನ ಹೊಲ. ಎರಡು ಎಕರೆ ತನಗಾಗಿಯೇ ಮಾರಿದರು, ಬರಿಗೈಯಲ್ಲಿ ಹೋಗುವುದು ಹೇಗೆ ಅನ್ನುವುದು ಅವರ ಕೊರಗು. ಕೊಟ್ಟ ದುಡ್ಡು ನಮ್ಮನ್ನು ಹೇಗೆ ಕಟ್ಟಿಹಾಕುತ್ತದೆ ಅಂತ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು 1985ರಲ್ಲೇ ತೋರಿಸಿದ್ದರು. ನಾಟಕಗಳ ಸೀಸನ್ ಟಿಕೆಟ್ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಸಿಕ್ಕಿತ್ತು. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಜಾಸ್ತಿ ನಾಟಕಕ್ಕೆ ಹೋದರು. ನಾಟಕ ಎಲ್ಲರಿಗೂ ಒಂದೇ.

ಇದನ್ನು ನಾನು ವಿವರಿಸಿದ್ದಕ್ಕಿಂತ ಅವರ ಅಪ್ಪ ಚೆನ್ನಾಗಿ ಹೇಳಿದರು. ಮಗನ ಒಪ್ಪಿಗೆ ಪಡೆದು ಒಂದು ದಿನ ಕರೆಸಿದ್ದೆ. “ಹೊಲ ಮಾರಿದ್ದು ಮಾರೇ ಹೋತು. ಅರ್ಧ ನಿಮ್ಮಕ್ಕನ ಲಗ್ನಕ್ಕ ಹೋತು, ಅದನ್ನೂ ನೀ ತಲಿ ಮ್ಯಾಲ ಯಾಕ ಹೊರ್ತಿ? ನೀ ಸಾಹೇಬ ಆದ್ರೂ ಅದು ತಿರುಗಿ ಬರಂಗಿಲ್ಲ.” ಮಗ ಇಷ್ಟು ವರ್ಷ ಅಪ್ಪನನ್ನು ಈ ಮಾತು ಕೇಳಿಯೇ ಇರಲಿಲ್ಲ.

ಹಾಗಾದರೆ ಹಿಡಿದಿಟ್ಟಿದ್ದು ಯಾವುದು? ಮದುವೆ ಮನೆ, ಅಂತ ನನಗನ್ನಿಸಿತು. ಅಲ್ಲಿ ನೆಂಟರು “ಏನ್ ಮಾಡಾಕತ್ತೀಯೋ ತಮ್ಮಾ?” ಅಂದರೆ “ಧಾರವಾಡದಾಗ ಓದಾಕತ್ತೇನ್ರಿ” ಅನ್ನಬಹುದು. ಅದಕ್ಕೊಂದು ಮರ್ಯಾದೆ ಇದೆ. ಓದು ಬಿಟ್ಟರೆ ಆ ಉತ್ತರ ಹೋಗುತ್ತದೆ. ಹುದ್ದೆ ಸಿಗದಿರುವುದಕ್ಕಿಂತ ಅವರಿಗೆ ಇದೇ ದೊಡ್ಡ ಭಯವಾಗಿತ್ತು.

ಒಂದು ವಾರದ ದಿನಚರಿ ತಾಸಿನ ಲೆಕ್ಕದಲ್ಲಿ ಬರೆದು ತರಲು ಹೇಳಿದೆ. ನಿಜವಾದ ಓದು ದಿನಕ್ಕೆ ಮೂರು ತಾಸು. ಉಳಿದದ್ದು ಪೇಪರು, ಟೆಲಿಗ್ರಾಂ ಗ್ರೂಪು, ಚಹಾ. ಆದರೆ ಮಧ್ಯಾಹ್ನಗಳಲ್ಲಿ ಇನ್ನೊಂದು ಸಂಗತಿ ಮತ್ತೆ ಮತ್ತೆ ಬಂದಿತ್ತು. ಕಿರಿಯರ ಆನ್‌ಲೈನ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ತಿರಸ್ಕೃತವಾದ ಸ್ಕಾಲರ್‌ಶಿಪ್. ಎಲ್ಲವೂ ಇವರ ಹತ್ತಿರ ಬರುತ್ತಿದ್ದವು. ಯಾವ ಕಾಗದ ಯಾವ ಕಚೇರಿಯಲ್ಲಿ ಸಿಕ್ಕಿಬೀಳುತ್ತದೆ ಅಂತ ಪೂರ್ತಿ ಗೊತ್ತು. ‘ಕೋಚಿಂಗ್‌ನಲ್ಲಿ ಪಾಠ ಮಾಡಲೇ?’ ಅಂತ ಅವರೇ ಕೇಳಿದರು. ಬೇಡ ಅಂದೆ. ಅದು ಅದೇ ಓಣಿಯಲ್ಲಿ ಇನ್ನಷ್ಟು ವರ್ಷ ಇರಲು ಸಿಗುವ ನೆಪ.

ಪರೀಕ್ಷೆ ಬಿಡಿ ಅಂತ ನಾನು ಹೇಳಲಿಲ್ಲ. ಯಾವಾಗ ಬಿಡುವುದು ಅನ್ನುವುದನ್ನು ಮುಂದಿನ ಅಧಿಸೂಚನೆ ಬರುವ ಮುಂಚೆಯೇ ಕಾಗದದ ಮೇಲೆ ಬರೆಯಿರಿ ಅಂದೆ. ಸೋತ ದಿನ ತೀರ್ಮಾನ ಮಾಡಬಾರದು, ಸ್ವಲ್ಪದರಲ್ಲಿ ತಪ್ಪಿದ ದಿನ ಅಂತೂ ಮಾಡಲೇಬಾರದು. ಯಾವ ಪರೀಕ್ಷೆ, ಇನ್ನೆಷ್ಟು ಸಲ, ಬರೆದು ಅಕ್ಕನ ಕೈಯಲ್ಲಿ ಕೊಡಿ. ಜೊತೆಗೆ ಒಂದು ಷರತ್ತು: ಪರೀಕ್ಷೆ ರದ್ದಾದರೂ ಅದು ಒಂದು ಪ್ರಯತ್ನವೇ. ಮರುಪರೀಕ್ಷೆ ಬರೆಯಬಹುದು, ಆದರೆ ಅಷ್ಟರಲ್ಲಿ ಹಿಡಿದ ಕೆಲಸ ಬಿಟ್ಟು ರೂಮಿಗೆ ವಾಪಸ್ ಬರುವಂತಿಲ್ಲ. ಇದಕ್ಕೆ ಮಾತ್ರ ಅವರು ಜಗಳಕ್ಕೇ ಬಂದರು. “ತಪ್ಪು ಅವರದು, ಲೆಕ್ಕ ನನ್ನದ್ಯಾಕ್ರಿ?” ತಪ್ಪು ಅವರದೇ, ವರ್ಷ ಮಾತ್ರ ನಿಮ್ಮದು ಅಂದೆ. ಸಿಟ್ಟಿನಲ್ಲೇ ಎದ್ದು ಹೋದರು. ಮುಂದಿನ ಭೇಟಿಗೆ ಬರೆದುಕೊಂಡು ಬಂದರು.

ಈಗ ಊರಿನ ಹತ್ತಿರ, ಸರ್ಕಾರಿ ಅರ್ಜಿ-ಸೇವೆಗಳ ಗ್ರಾಮ ಒನ್ ಕೇಂದ್ರದಲ್ಲಿ ಅರ್ಧ ದಿನದ ಕೆಲಸ. ಸಂಬಳ ಕಡಿಮೆ, ಆದರೆ ತಿಂಗಳಿಗೊಮ್ಮೆ ಬರುತ್ತದೆ. ಸಂಜೆ ಓದು, ಮುಂಚಿನ ಅದೇ ಮೂರು ತಾಸು. ನೆಂಟರು ಕೇಳಿದರೆ “ಕೆಲಸಾ ಮಾಡ್ತೇನ್ರಿ, ಪರೀಕ್ಷಾನೂ ಬರೀತೇನಿ” ಅನ್ನುವುದನ್ನು ಇಲ್ಲೇ ಹೇಳಿಸಿ ರೂಢಿ ಮಾಡಿಸಿದೆ. ನಗು ಬರುವ ಕೆಲಸ, ಆದರೆ ಬೇಕಿತ್ತು.

ಮುಂದಿನ ಭೇಟಿಯನ್ನು ಫಲಿತಾಂಶದ ನಂತರಕ್ಕೆ ಇಟ್ಟಿಲ್ಲ. ಪರೀಕ್ಷೆ ಮುಗಿದ ವಾರವೇ ಬನ್ನಿ ಅಂದಿದ್ದೇನೆ. ಕೀ ಆನ್ಸರ್ ಹಿಡಿದು ಮಾರ್ಕ್ ಕೂಡಿಸುವ ಆ ದಿನಗಳಲ್ಲೇ ಅಲ್ವಾ, ಮನಸ್ಸು ಹೊಸ ಕಾರಣ ಹುಡುಕುವುದು.